ಏಳರಲ್ಲಿ ಒಬ್ಬ

ಚೀಟಿಯ ಮೇಲೆ ಕಾಂಪೌಂಡರ್ ಬರೆದಿದ್ದ ಹೆಸರು ಓದಿದಾಗ ಡಾಕ್ಟರ್ ಯರ್ರಿಸ್ವಾಮಿಗೆ ಮೊದಲು ಬಂದದ್ದು ಸಿಟ್ಟು. ಇಮಾಮ್‌ಸಾಬ್, ಅರವತ್ತೆಂಟು ವರ್ಷ, ದರ್ಜಿ, ಕೆರೆಬಿಳಚಿ. ಚನ್ನಗಿರಿ ತಾಲ್ಲೂಕಿನ ಮನುಷ್ಯನಿಗೆ ಈ ನ್ಯಾಮತಿಯಲ್ಲಿ ಏನು ಕೆಲಸ, ಆ ಕಡೆ ಡಾಕ್ಟರುಗಳೇ ಇಲ್ಲವೆ ಎಂದು ಗದರಿಸಿ ಕಳಿಸಿಬಿಡುವ ಮನಸ್ಸಾಯಿತು. ಸಿಟ್ಟಿನ ಹಿಂದೆಯೇ ಭಯವೂ ಬಂದು, ಚೀಟಿಯನ್ನು ಮೇಜಿನ ಮೇಲೆ ಬೋರಲು ಹಾಕಿ ಅದರ ಮುಂದಿನದನ್ನು ಎತ್ತಿಕೊಂಡ. ಕೆಮ್ಮಿನ ಹೆಂಗಸನ್ನು ನೋಡಿದ, ಜ್ವರದ ಕೂಸನ್ನು ನೋಡಿದ, ಸೂರಗೊಂಡನಕೊಪ್ಪದಿಂದ ಬಂದಿದ್ದ ಹುಣ್ಣುಗಾಲಿನ ಮುದುಕನನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. ಕಿಟಕಿಯಾಚೆ ಬೇವಿನ ಮರದಡಿ, ಎಡಗೈಯನ್ನು ಬಲಗೈಯಲ್ಲಿ ಎತ್ತಿ ಹಿಡಿದುಕೊಂಡು ಬಿಳಿ ಗಡ್ಡದವನೊಬ್ಬ ಕುಳಿತಿದ್ದ. ತನ್ನ ನಂತರ ಬಂದವರು ಒಳಗೆ ಹೋಗಿ ಬರುತ್ತಿದ್ದರೂ ಆತ ಒಮ್ಮೆಯೂ ಬಾಗಿಲಿನ ಕಡೆ ಇಣುಕಲಿಲ್ಲ. ಒಂದೂವರೆ ಗಂಟೆ ಹೀಗೆ ಕಾಯಿಸಿದ ಮೇಲೆ ಕಾಂಪೌಂಡರ್ ಮಹೇಶ್ವರಪ್ಪನೇ ಒಳಗೆ ಬಂದು, "ಸಾರ್, ಆ ದರ್ಜಿ ಸಾಬ್ರು ಎಂಟು ಗಂಟೆಗೇ ಬಂದೋರು. ನೋವು ತಡಿಯಾಕೆ ಆಗ್ತಿಲ್ಲ ಅಂತಾರೆ" ಎಂದ. "ಚೀಟಿ ಎಲ್ಲೋ ಅಡಿಗೆ ಸೇರಿಕೊಂಡಿತ್ತು" ಎಂದು ಯರ್ರಿಸ್ವಾಮಿ ಹೇಳಿದ. ಇಷ್ಟು ಸಣ್ಣ ಸುಳ್ಳಿಗೂ ಕಿವಿ ಬಿಸಿಯಾಯಿತು.

ಮುದುಕ ಒಳಗೆ ಬಂದು ಸ್ಟೂಲಿನ ತುದಿಯಲ್ಲಿ ಕುಳಿತ. ಎಡಗೈಯ ತೋರುಬೆರಳು ತುದಿಯಿಂದ ನಡುವಿನ ಗೆಣ್ಣಿನವರೆಗೆ ಊದಿ, ಚರ್ಮ ಹೊಳೆಯುತ್ತಿತ್ತು. "ಸೂಜಿ ಚುಚ್ಚಿಕಂಡಿದ್ದು ಸಾಹೇಬ್ರೆ, ಐದು ದಿನ ಆತು. ಸಣ್ಣ ಮಗಳ ಮನೆ ಈ ಊರಾಗೇ ಐತೆ. ಮೊಮ್ಮಗಳ್ನ ನೋಡಾಕೆ ಬಂದೋನು ಸುಮ್ನೆ ಕುಂದ್ರಬಾರ್ದಾ? ಕೂಸಿಗೆ ಅಂಗಿ ಹೊಲಿಯಾಕೆ ಹೋದೆ. ಕಣ್ಣು ಮೊದಲಿನಂಗಿಲ್ಲ" ಎಂದು ನಕ್ಕ. ತನ್ನ ಗುರುತು ಆತನಿಗೆ ಹತ್ತಲಿಲ್ಲ ಎಂಬುದು ಖಚಿತವಾದಾಗ ಯರ್ರಿಸ್ವಾಮಿಗೆ ಸಮಾಧಾನವಾಯಿತು. ಸಮಾಧಾನವಾಯಿತಲ್ಲ ಎಂದು ನಾಚಿಕೆಯೂ ಆಯಿತು. ಗುರುತು ಹತ್ತುವುದಾದರೂ ಹೇಗೆ? ಹನ್ನೆರಡು ವರ್ಷಗಳ ಕೆಳಗೆ ಒಂದು ಸೋಮವಾರ, ಮೆಡಿಕಲ್ ಕಾಲೇಜಿನಲ್ಲಿ ಹೆಣ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತು, ಬಿಳಿ ಕೋಟಿನ ಏಳು ಹುಡುಗರನ್ನು ಈತ ಒಬ್ಬೊಬ್ಬರನ್ನಾಗಿ ನೋಡಿದ್ದ. ಆಗ ಗಡ್ಡ ಕರಿದಾಗಿತ್ತು. ಆ ನೋಟ ತನ್ನ ಬಳಿ ಬಂದಾಗ ಯರ್ರಿಸ್ವಾಮಿ ಬಗ್ಗಿ ಶೂ ಲಾಡಿ ಕಟ್ಟಿಕೊಂಡಿದ್ದ.

ಕೀವು ತೆಗೆಯಬೇಕಿತ್ತು. ಬೆರಳಿನ ಬುಡದಲ್ಲಿ ಎರಡೂ ಬದಿಗೆ ಮದ್ದು ಚುಚ್ಚಿದರೆ ಬೆರಳು ಪೂರ್ತಿ ಮರಗಟ್ಟುತ್ತದೆ. ಅಲ್ಲಿ ದಾರದ ಎಳೆಯಂಥ ನರಗಳು ಹಾದು ಹೋಗುತ್ತವೆ. ಅದನ್ನು ಅವನು ಕಲಿತದ್ದು ಪುಸ್ತಕದಲ್ಲಲ್ಲ. ನಾಲ್ಕನೇ ಟೇಬಲ್ಲಿನ ಮೇಲೆ ಕೆಡದಂತೆ ಫಾರ್ಮಲಿನ್ನಿನಲ್ಲಿ ನೆನೆದು ತೊಗಲಿನ ಬಣ್ಣಕ್ಕೆ ತಿರುಗಿದ್ದ ಹೆಂಗಸಿನ ಹೆಣದ ಕೈಯಲ್ಲಿ ಆ ನರವನ್ನು ಚಿಮುಟದಿಂದ ಎತ್ತಿ ತೋರಿಸಿದವಳು ನಜೀರಾ, ಈತನ ದೊಡ್ಡ ಮಗಳು. ಏಳು ಹುಡುಗರ ನಡುವೆ ಒಬ್ಬಳೇ ಹುಡುಗಿ. ಮೊದಲನೇ ದಿನ ಅಟೆಂಡರ್ ಮೂಕಪ್ಪ ಬಟ್ಟೆ ಸರಿಸಿದಾಗ ಕಣ್ಣು ಉರಿಯುವ ಆ ವಾಸನೆಯೊಳಗೆ ಯರ್ರಿಸ್ವಾಮಿಗೆ ಕಂಡದ್ದು ಮುಖವಲ್ಲ, ಹಿಮ್ಮಡಿಯ ಬಿರುಕುಗಳು. ಹೊನ್ನಾಳಿಯ ಹೊಳೆದಂಡೆಯಲ್ಲಿ ಬಟ್ಟೆ ಒಗೆಯುವಾಗ ಕಲ್ಲಿನ ಮೇಲೆ ಹಿಮ್ಮಡಿ ಉಜ್ಜಿಕೊಳ್ಳುತ್ತಿದ್ದ ಅವ್ವನಿಗೂ ಅಂಥವೇ ಬಿರುಕುಗಳಿದ್ದವು. ಅಷ್ಟೇ, ಕಿವಿಯಲ್ಲಿ ಗುಂಯ್ ಎಂದಿತು, ಎಚ್ಚರವಾದಾಗ ಅವನ ತಲೆ ನಜೀರಾಳ ತೋಳಿನ ಮೇಲಿತ್ತು. ಅವಳು, "ಹೆದರ್ಕೋಬ್ಯಾಡ್ರಿ, ನೀರು ಕುಡೀರಿ" ಎನ್ನುತ್ತಿದ್ದಳು. ಗಂಡಸರೆಲ್ಲ ನೋಡುವಾಗ, ತಮ್ಮನಿಗೆ ಹೇಳುವ ಹಾಗೆ. ಜಯಪ್ಪ ಎಂಬ ದೊಡ್ಡ ಬಾಯಿಯ ಹುಡುಗ ಅಂದಿನಿಂದ ಅವನನ್ನು ಮೂರ್ಛೆಸ್ವಾಮಿ ಎಂದು ಕರೆದ. ಆ ಹೆಸರು ಹಾಸ್ಟೆಲಿನ ಅಡುಗೆಯವನ ಬಾಯಿಗೂ ಬಂತು. ವಿಚಿತ್ರವೆಂದರೆ ಹೆಸರಿಟ್ಟ ಜಯಪ್ಪನ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಬಂದದ್ದೆಲ್ಲ ನೀರು ಕುಡಿಸಿದವಳ ಮೇಲೆ.

"ನಿಮ್ಮ ಕೈ ಹಗುರ ಐತೆ ಸಾಹೇಬ್ರೆ" ಎಂದ ಇಮಾಮ್‌ಸಾಬ್. ಬೆರಳು ಮರಗಟ್ಟಿತ್ತು. ಯರ್ರಿಸ್ವಾಮಿ ಬ್ಲೇಡು ಹಿಡಿದು ಬಗ್ಗಿದ. ಕೀವು ಹೊರಬಂದು ತಟ್ಟೆಗೆ ಬಿತ್ತು. ನೋವು ಇಳಿದವರಿಗೆ ಮಾತು ಬರುವುದು ಅವನು ದಿನಾ ಕಾಣುತ್ತಿದ್ದ ಸಂಗತಿ. ಆದರೆ ಈ ಮಾತು ಬರುತ್ತದೆಂದು ಅವನಿಗೆ ಚೀಟಿ ಓದಿದಾಗಲೇ ಗೊತ್ತಿತ್ತು. "ನನ್ನ ದೊಡ್ಡ ಮಗಳೂ ನಿಮ್ಮಂಗೆ ಡಾಕ್ಟ್ರಿಕೆ ಓದಾಕೆ ಹೋಗಿದ್ಲು. ನಮ್ಮ ಕಡೆಯಿಂದ ಅಂಥ ಓದಿಗೆ ಹೋದೋಳು ಅವಳೇ ಮೊದಲು. ನಡುವೆ ಬಿಟ್ಟು ಬಂದ್ಲು" ಎಂದ ಮುದುಕ. ಯಾಕೆ ಎಂದು ಕೇಳಬೇಕಾದ ಜಾಗ ಅದು. ಯಾರಾದರೂ ಕೇಳುತ್ತಿದ್ದರು. ಯರ್ರಿಸ್ವಾಮಿ ಹತ್ತಿಯನ್ನು ಟಿಂಚರಿನಲ್ಲಿ ಅದ್ದಿದ.

ಒಂದು ಶನಿವಾರ ಪ್ರೊಫೆಸರು ನಾಲ್ಕನೇ ಟೇಬಲ್ಲಿಗೆ ಬಂದರು. ಬಲಗೈಯನ್ನು ನಜೀರಾ ಬಿಡಿಸಿದ್ದಳು, ಎಡಗೈಯನ್ನು ಯರ್ರಿಸ್ವಾಮಿ. ಅವಳು ಬಿಡಿಸಿದ್ದು ಸೀರೆಯ ಅಂಚಿನ ಹೊಲಿಗೆ ಬಿಚ್ಚಿದ ಹಾಗಿತ್ತು. ಚರ್ಮ ಒಂದು ಕಡೆ, ಕೊಬ್ಬು ಒಂದು ಕಡೆ, ಒಂದೊಂದು ನರವೂ ಇದ್ದಲ್ಲೇ ಇತ್ತು. ಅವನು ಬಿಡಿಸಿದ್ದರಲ್ಲಿ ಯಾವುದು ನರ, ಯಾವುದು ಹರಿದ ಮಾಂಸ ಎಂದು ಅವನಿಗೇ ಹೇಳಲು ಬರಲಿಲ್ಲ. "ನಿಮ್ಮ ತಂದೆ ಏನು ಮಾಡ್ತಾರೆ?" ಎಂದು ಪ್ರೊಫೆಸರು ಕೇಳಿದರು. "ಹೊನ್ನಾಳಿಯಲ್ಲಿ ಮೇಷ್ಟ್ರು ಸಾರ್." "ದರ್ಜಿ ಆಗಿದ್ರೆ ಚೆನ್ನಾಗಿತ್ತು" ಎಂದು ನಜೀರಾಳ ಕಡೆ ತಿರುಗಿ ಮೆಚ್ಚುಗೆಯಿಂದ ತಲೆಯಾಡಿಸಿದರು. ಜಯಪ್ಪ ಜೋರಾಗಿ ನಕ್ಕ. ಮೇಷ್ಟ್ರು ಚಿಕ್ಕಹನುಮಂತಪ್ಪ ಆ ಗಳಿಗೆಯಲ್ಲಿ ಹೊನ್ನಾಳಿಯ ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿದ್ದಿರಬೇಕು. ಅಪ್ಪ ಅಲ್ಲಿ ಗೊತ್ತಿಲ್ಲದೆ ಅವಮಾನಕ್ಕೊಳಗಾದ ಎಂದು ಯರ್ರಿಸ್ವಾಮಿಗೆ ಅನಿಸಿತು. ಎಲ್ಲರೂ ಕೈ ತೊಳೆಯಲು ಹೋದರು. ಮೂಕಪ್ಪ ಆಚೆ ಕೋಣೆಯಲ್ಲಿ ಬಕೆಟ್ಟು ತೊಳೆಯುತ್ತಿದ್ದ. ಹೆಣದ ಎಡಗೈಯ ಕಿರುಬೆರಳು ಹೇಗೂ ಬುಡದಲ್ಲಿ ಅರ್ಧ ಬಿಟ್ಟುಕೊಂಡಿತ್ತು. ಗೆಣ್ಣಿನಲ್ಲಿ ಬ್ಲೇಡು ಆಡಿಸಿದ, ಬಂತು. ನಜೀರಾಳ ಬಟ್ಟೆ ಚೀಲ ಕಿಟಕಿಯ ಸರಳಿಗೆ ತೂಗುಹಾಕಿತ್ತು. ಅದರೊಳಗೆ ಖಾಲಿ ಊಟದ ಡಬ್ಬಿ. ಶನಿವಾರ ಅವಳು ಊರಿಗೆ ಹೋಗುತ್ತಾಳೆ ಎಂಬುದು ಅವನಿಗೆ ಆ ಹೊತ್ತಿನಲ್ಲಿ ನೆನಪಿರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ನೆನಪಿತ್ತು. ಡಬ್ಬಿಯ ಮುಚ್ಚಳ ಟಕ್ಕೆಂದು ಕೂತ ಸದ್ದಿಗೆ ಅವನಿಗೆ ನಗು ಬಂದಿತ್ತು. ಈ ನಗುವನ್ನು ಅವನು ತನ್ನ ಹೆಂಡತಿ ಶಾಂತಾದೇವಿಗೂ ಹೇಳಿಲ್ಲ.

"ಹಾಳಾದೋರು ಯಾರೋ ಅವಳ ಊಟದ ಡಬ್ಬಿಯಾಗೆ ಹೆಣದ ಬೆರಳು ಇಟ್ಟಿದ್ರು" ಎಂದ ಇಮಾಮ್‌ಸಾಬ್, ಮಳೆ ಬಂತು ಎನ್ನುವ ದನಿಯಲ್ಲಿ. "ಡಬ್ಬಿ ತಗದೋಳು ನನ್ನ ಹೆಂಡ್ತಿ ರಹಮತ್‌ಬೀ. ತೊಳೆಯಾಕೆ ಅಂತ ತಗದ್ಲು. ಕೂಗಿದ ಕೂಗಿಗೆ ಓಣಿ ಮಂದಿ ಎಲ್ಲಾ ಬಂದ್ರು. ಆಮ್ಯಾಕೆ ಆರು ತಿಂಗ್ಳು ಮಗಳ ಕೈಯಿಂದ ಒಂದು ತುತ್ತು ಉಣ್ಣಲಿಲ್ಲ ಅವಳು. ಬೈಲಿಲ್ಲ, ಹೊಡೀಲಿಲ್ಲ. ಉಣ್ಣಲಿಲ್ಲ, ಅಷ್ಟೇ."

"ಅಲುಗಬೇಡಿ" ಎಂದ ಯರ್ರಿಸ್ವಾಮಿ. ಟಿಂಚರಿನ ಹತ್ತಿಯನ್ನು ಗಾಯಕ್ಕೆ ಒತ್ತಿದ.

"ನಾನು ಹೊಸ ಮಲ್ಲು ಬಟ್ಟೆ ಹರಿದು ಸುತ್ತಿದೆ. ಯಾವ ಜಾತಿಯೋ, ಹೆಂಗೆ ಮಾಡಬೇಕೋ ತಿಳೀಲಿಲ್ಲ. ಖಬರ್‌ಸ್ತಾನದ ಬೇಲಿ ಹೊರಗೆ ಗುಂಡಿ ತೋಡಿ ಇಟ್ಟೆ. ವಾರ ಕಳೆದ ಮ್ಯಾಲೆ ಆ ಕಾಲೇಜಿನ ಅಟೆಂಡರ್ ಹುಡುಕ್ಕಂಡು ಬಂದ ನೋಡ್ರಿ, ಮೂಕಪ್ಪ ಅಂತ. 'ಆ ಬೆರಳು ಕೊಡ್ರಿ ಸಾಹೇಬ್ರೆ, ಆಯಮ್ಮಂದು ಅಂತ ಒಂದು ಡ್ರಮ್ಮು ಐತೆ, ಚೂರು ಚೂರೂ ಅದರಾಗೇ ಹಾಕಿಡ್ತೀನಿ, ಕೊನಿಗೆ ಮಣ್ಣು ಮಾಡುವಾಗ ಪೂರಾ ಇರಬೇಕು' ಅಂದ. ಯಾರಪ್ಪಾ ಆಕೆ ಅಂತ ಕೇಳಿದೆ. ಓಬವ್ವ ಅಂತೆ, ಜಗಳೂರು ಕಡೆಯಾಕಿ. ಒಬ್ಬಳೇ ಆಸ್ಪತ್ರೆಗೆ ಬಂದು ಸತ್ತಾಕಿ. ಇಬ್ರೂ ಹೋದ್ವಿ, ಅಗದು ತಗದು ಕೊಟ್ಟೆ. ಬೆರಳು ಹೋಗಿದ್ದಕ್ಕೆ ಹೆಣದ ಕೋಣೆ ಕೀಲಿ ಅವನಿಂದ ಕಸ್ಕಂಡು ಕಸ ಹೊಡಿಯಾಕೆ ಹಾಕಿದ್ರಂತೆ. ಅದರಾಗೂ ಬಂದಿದ್ದ. ಒಳ್ಳೇ ಮನಷಾ. ಅವನು ತೀರಿಕಂಡು ನಾಲ್ಕು ವರ್ಷ ಆತು."

ಒಂದೂವರೆ ವರ್ಷ ಆ ಹೆಂಗಸಿನ ಮೈಯನ್ನು ಎಳೆ ಎಳೆಯಾಗಿ ಬಿಡಿಸಿ, ಅದರ ಬಲದಿಂದ ಪರೀಕ್ಷೆ ಪಾಸಾಗಿ, ಆ ಬಲದಿಂದಲೇ ಈಗ ಈ ಕುರ್ಚಿಯಲ್ಲಿ ಕುಳಿತಿದ್ದ ಯರ್ರಿಸ್ವಾಮಿ ಅವಳ ಹೆಸರನ್ನು ಮೊದಲ ಸಲ ಕೇಳಿದ. ಮೂಕಪ್ಪನ ಬಗೆಗೂ ಅವನು ಇಷ್ಟು ವರ್ಷ ಯೋಚಿಸಿರಲಿಲ್ಲ. ಅವನ ನಾಚಿಕೆಯಲ್ಲಿ ನಜೀರಾ ಇದ್ದಳು, ತಾನಿದ್ದ. ಬೇರೆ ಯಾರಿಗೂ ಅಲ್ಲಿ ಜಾಗವಿರಲಿಲ್ಲ. "ಜನ ಮಾತಾಡ್ತಾರೆ ಅಂತ ಓದು ಬಿಡಿಸಿದ್ರಾ?" ಎಂದು ಕೇಳಿಯೇಬಿಟ್ಟ. ಹೌದೆನ್ನಲಿ ಎಂದು ಒಳಗೆ ಬೇಡಿಕೊಂಡ.

"ಜನದ ಮಾತಿಗೆ ನಾನ್ಯಾಕೆ ಹೆದರ್ಲಿ? ನಾನೇ ಸೋಮವಾರ ಕರ್ಕಂಡು ಹೋಗಿ ಬಿಟ್ಟು ಬಂದೆ. ಒಂದು ತಿಂಗ್ಳು ಹೋದ್ಲು. ಆಮ್ಯಾಕೆ ಒಂದಿನ ಗಂಟುಮೂಟೆ ಕಟ್ಕಂಡು ಬಂದುಬಿಟ್ಲು. 'ಅಬ್ಬಾ, ಯಾರು ಅಂತ ಗೊತ್ತಾಗಿದ್ರೆ ಅವನೊಬ್ಬನ ಮುಖ ನೋಡದಂಗೆ ಇರ್ತಿದ್ದೆ. ಯಾರೂ ಒಪ್ಕಳ್ಳಲಿಲ್ಲ. ಏಳೂ ಮುಖದಾಗೆ ಅವನೇ ಕಾಣ್ತಾನೆ. ಏಳು ಮಂದಿ ನಡುವೆ ಹೆಂಗೆ ನಿಂದ್ರಲಿ?' ಅಂದ್ಲು. ಅವಳ ಗಂಟು ನಾನೇ ಇಸ್ಕಂಡು ಒಳಗಿಟ್ಟೆ ಸಾಹೇಬ್ರೆ."

ಅವತ್ತು ಯರ್ರಿಸ್ವಾಮಿ ಪಟ್ಟಿ ಕಟ್ಟಿ, ಗುಳಿಗೆ ಬರೆದುಕೊಟ್ಟು, ನಾಳೆ ಬನ್ನಿ ಎಂದ. ಹೊರಗೆ ಇನ್ನೂ ಇಪ್ಪತ್ತು ಮಂದಿಯಿದ್ದರು. ಹನ್ನೆರಡು ವರ್ಷ ಅವನು ಆ ಡಬ್ಬಿಯ ಬಗೆಗೆ ನಾಚಿದ್ದ. ಹುಡುಗುತನ, ಹೊಟ್ಟೆಕಿಚ್ಚು, ಒಂದು ಗಳಿಗೆಯ ಕೇಡು ಎಂದೆಲ್ಲ ಹೆಸರಿಟ್ಟು ಅದನ್ನು ಒಂದು ಮೂಲೆಯಲ್ಲಿ ಕೂರಿಸಿದ್ದ. ಅವಳನ್ನು ಓಡಿಸಿದ್ದು ಅದಲ್ಲವಂತೆ. ಆ ಸೋಮವಾರ ಪ್ರೊಫೆಸರು ಏಳೂ ಮಂದಿಯನ್ನು ಸಾಲಾಗಿ ನಿಲ್ಲಿಸಿ, "ಯಾರು ಮಾಡಿದ್ದು, ಒಂದು ಹೆಜ್ಜೆ ಮುಂದೆ ಬನ್ನಿ" ಎಂದಾಗ ಜಯಪ್ಪನೊಬ್ಬನೇ ಬಾಯಿಬಿಟ್ಟ: "ನಾನಲ್ಲ ಸಾರ್, ನಮ್ಮವ್ವನಾಣೆ ನಾನಲ್ಲ." ಎಲ್ಲರೂ ಅವನನ್ನೇ ನೋಡಿದರು. ಜಯಪ್ಪನ ದೊಡ್ಡ ಬಾಯಿ ಅಳುವುದಕ್ಕೆ ಓರೆಯಾಗಿತ್ತು. ಒಂದು ಹೆಜ್ಜೆ. ಸಿಮೆಂಟಿನ ನೆಲದ ಮೇಲೆ ಆ ಒಂದು ಹೆಜ್ಜೆಯ ಜಾಗ, ಅಲ್ಲಿ ಬಿದ್ದಿದ್ದ ಫಾರ್ಮಲಿನ್ನಿನ ಹನಿಗಳು ಸಮೇತ, ಈಗಲೂ ಅವನಿಗೆ ಕಾಣುತ್ತಿತ್ತು. ಆಮೇಲೆ ಒಂದು ತಿಂಗಳು, ದಿನವೂ, ಅವಳು ಮುಖದಿಂದ ಮುಖಕ್ಕೆ ಕಣ್ಣು ತಿರುಗಿಸುತ್ತ ಆ ಟೇಬಲ್ಲಿನ ಬಳಿ ನಿಂತಿದ್ದಳು. ಆ ಮೂವತ್ತು ದಿನಗಳಲ್ಲಿ ಯಾವ ದಿನ ಹೇಳಿದ್ದರೂ ಆಗುತ್ತಿತ್ತು.

ಇಮಾಮ್‌ಸಾಬ್ ದಿನಾ ಬಂದ. ಎರಡನೆಯ ದಿನ ಬಾವು ಇಳಿದಿತ್ತು, ಮೂರನೆಯ ದಿನ ಗಾಯ ಕೆಂಪಗೆ ಚೊಕ್ಕಟವಾಗಿತ್ತು. ಬರುವಾಗ ಒಂದೊಂದು ದಿನ ಒಂದೊಂದು ದುವಾ ಹೇಳುತ್ತಿದ್ದ: ನಿಮ್ಮ ಮಕ್ಕಳು ಚೆನ್ನಾಗಿರ್ಲಿ, ನಿಮ್ಮನ್ನ ಹೆತ್ತೋರು ಚೆನ್ನಾಗಿರ್ಲಿ. ಸಾಲಿನಲ್ಲಿದ್ದವರಿಗೆ, ಇಂಥ ಡಾಕ್ಟರು ಚನ್ನಗಿರಿಯಲ್ಲೂ ಸಿಕ್ಕಲ್ಲ ಎಂದು ಹೇಳುವುದು ಕಿಟಕಿಯಿಂದ ಕೇಳಿಸುತ್ತಿತ್ತು. ಐದನೆಯ ದಿನ ಯರ್ರಿಸ್ವಾಮಿ ಮಹೇಶ್ವರಪ್ಪನನ್ನು ಹೊರಗೆ ಕಳಿಸಿ, ಹಳೇ ಪಟ್ಟಿ ಬಿಚ್ಚಿ, ಮುದುಕನ ಬೆರಳನ್ನು ಕೈಯಲ್ಲಿ ಹಿಡಿದುಕೊಂಡೇ, ಅದನ್ನೇ ನೋಡುತ್ತ, "ಆ ಬೆರಳು ಡಬ್ಬಿಯಲ್ಲಿ ಇಟ್ಟವನು ನಾನು" ಎಂದ. ಹೇಗೆ ಹೇಳಬೇಕೆಂದು ಕಟ್ಟಿಟ್ಟುಕೊಂಡಿದ್ದ ಮಾತುಗಳೆಲ್ಲ ಹೋಗಿ ಇಷ್ಟೇ ಬಂತು. ಮುದುಕ ಕೈ ಎಳೆದುಕೊಳ್ಳಲಿಲ್ಲ. ಹೊರಗೆ ಯಾರೋ ಕೆಮ್ಮಿದರು. ಹೊಡೆಯಲಿ ಎಂದು ಯರ್ರಿಸ್ವಾಮಿ ಕಾದ. ಬೈಯಲಿ ಎಂದು ಕಾದ. ಹೋಗಲಿ ಬಿಡ್ರಿ ಎಂದರೂ ಅನ್ನಬಹುದು ಎಂಬ ಆಸೆ ಎಲ್ಲೋ ಮೂಲೆಯಲ್ಲಿ ಮಿಸುಕಿತು.

"ನನಗ್ಯಾಕೆ ಹೇಳ್ತೀರಿ?" ಎಂದ ಇಮಾಮ್‌ಸಾಬ್ ಕೊನೆಗೆ. "ಡಬ್ಬಿ ನಂದಲ್ಲ. ಅವಳು ಜಗಳೂರಿನಾಗೆ ಹೈಸ್ಕೂಲು ಟೀಚರು. ಬಸ್ಸು ಐತೆ."

ಗೋಡೆಯ ಕಡೆ ಮುಖ ತಿರುಗಿಸಿ, "ಪಟ್ಟಿ ಕಟ್ಟಿ ಮುಗಸ್ರಿ. ಮನ್ಯಾಗೆ ಕಾಯ್ತಿರ್ತಾರೆ" ಎಂದ. ಆವತ್ತಿನಿಂದ ಆತ ಸಾಹೇಬ್ರೆ ಎನ್ನಲಿಲ್ಲ. ಮತ್ತೆ ಮೂರು ದಿನ ಬಂದು, ಗೋಡೆಯ ಕಡೆ ನೋಡುತ್ತ ಕೈ ಮುಂದೆ ಚಾಚಿ, ಪಟ್ಟಿ ಕಟ್ಟಿಸಿಕೊಂಡು ಹೋದ. ಆ ಮೂರು ದಿನಗಳು ಯರ್ರಿಸ್ವಾಮಿಗೆ ಹನ್ನೆರಡು ವರ್ಷಗಳಿಗಿಂತ ಉದ್ದವಾದವು.

ಶುಕ್ರವಾರ ರಜೆ ಹಾಕಿ ಹೊನ್ನಾಳಿಗೆ ಬಂದು, ಅಪ್ಪನ ಮನೆಗೂ ಹೋಗದೆ ಮುಂದಿನ ಬಸ್ಸು ಹತ್ತಿದ. ಎರಡು ಕಡೆ ಬಸ್ಸು ಬದಲಿಸಿ ಜಗಳೂರಿನಲ್ಲಿ ಇಳಿದಾಗ ಮಧ್ಯಾಹ್ನ ಎರಡು ಗಂಟೆ. ದಾರಿಯುದ್ದಕ್ಕೂ, ಅವಳು ಅತ್ತರೆ ಏನು ಮಾಡಬೇಕು, ಬಾಗಿಲು ಹಾಕಿಕೊಂಡರೆ ಏನು ಮಾಡಬೇಕು ಎಂದೆಲ್ಲ ಯೋಚಿಸಿದ್ದ. ಆ ಯೋಚನೆಗಳಲ್ಲೆಲ್ಲ ತಾನೇ ನಡುವೆ ನಿಂತಿದ್ದು, ತಲೆ ತಗ್ಗಿಸಿದ್ದು, ಎಷ್ಟು ಚೆಂದ ತಗ್ಗಿಸಿದ್ದೇನೆ ಎಂದು ಇನ್ನೊಬ್ಬ ತಾನೇ ದೂರದಿಂದ ನೋಡಿದ್ದು ಅವನಿಗೆ ಗೊತ್ತಾಯಿತು. ಬಸ್ಸಿನ ಕಿಟಕಿಯ ಕಂಬಿಗೆ ಹಣೆ ಒತ್ತಿಕೊಂಡ.

ಶಾಲೆಯ ಸ್ಟಾಫ್ ರೂಮಿನಲ್ಲಿ ಅವಳೊಬ್ಬಳೇ ಕೂತು ಪರೀಕ್ಷೆಯ ಪೇಪರು ತಿದ್ದುತ್ತಿದ್ದಳು. ಕನ್ನಡಕ ಬಂದಿತ್ತು, ಕಿವಿಯ ಬಳಿ ನಾಲ್ಕು ಬಿಳಿ ಕೂದಲು. ಹೆಸರು ಹೇಳುವ ಮೊದಲೇ ಗುರುತು ಹಿಡಿದು, "ಯರ್ರಿಸ್ವಾಮಿ ಅಲ್ವಾ? ಕೂತ್ಕೊಳ್ರಿ" ಎಂದಳು. ಮುಖ ಮಾತ್ರ ಗಟ್ಟಿಯಾಯಿತು. ಇಮಾಮ್‌ಸಾಬ್ ಅವಳಿಗೆ ಬರೆದಿಲ್ಲ ಎಂಬುದು ಅದರಿಂದಲೇ ತಿಳಿಯಿತು. ಏಳರಲ್ಲಿ ಒಬ್ಬನನ್ನು ನೋಡಿದಾಗ ಆಗುವ ಗಟ್ಟಿತನ ಅದು. ಅವನು ಕೂರದೆ, ನಿಂತೇ ಹೇಳಿದ. ಪ್ರೊಫೆಸರ ಮಾತು, ಅಪ್ಪನಿಗಾದ ಅವಮಾನ ಯಾವುದನ್ನೂ ಸೇರಿಸಲಿಲ್ಲ. ನಕ್ಕದ್ದನ್ನು ಸೇರಿಸಿದ.

ಅವಳು ಕೆಂಪು ಪೆನ್ನಿನ ಮುಚ್ಚಳ ಹಾಕಿದಳು. ಎಷ್ಟೋ ಹೊತ್ತು ಪೇಪರುಗಳ ಕಟ್ಟನ್ನು ಅಂಚು ಸೇರಿಸಿ ಮೇಜಿಗೆ ಕುಟ್ಟುತ್ತ ಕುಳಿತಳು.

"ನಾನು ಜಯಪ್ಪ ಅಂದ್ಕೊಂಡಿದ್ದೆ" ಎಂದಳು.

ಅವನಿಗೆ ಅರ್ಥವಾಗಲಿಲ್ಲ.

"ಬರ್ತಾ ಬರ್ತಾ ಉಳಿದ ಆರು ಮಂದಿ ಮನಸಿನಿಂದ ಬಿಟ್ಟುಹೋದ್ರು. ಅವನೇ ಅಂತ ಗಟ್ಟಿ ಆತು. ಅವತ್ತು ಅವನೊಬ್ಬನೇ ಆಣೆ ಮಾಡಿದ್ನಲ್ಲ, ಅದಕ್ಕೇ." ಅವಳ ದನಿ ಏರಲಿಲ್ಲ. "ಹೋದ ವರ್ಷ ಇಲ್ಲಿ ಬಸ್‌ಸ್ಟ್ಯಾಂಡಿನಾಗೆ ಸಿಕ್ಕಿದ್ದ. ಹೆಂಡತಿ ಇದ್ಲು, ನಾಲ್ಕೈದು ವರ್ಷದ ಮಗಳಿದ್ಲು. ತಾನೇ ಓಡಿ ಬಂದು ನಜೀರಾ ಅವ್ರೇ ಅಂತ ಮಾತಾಡಿಸಿದ. ಆ ಮಗು ನನ್ನ ಕೈ ಹಿಡ್ಕೊಳ್ಳಾಕೆ ಬಂತು. ನಾನು ಕೈ ಹಿಂದಕ್ಕೆ ತಗೊಂಡು, 'ನಿಮ್ಮಪ್ಪ ಎಂಥೋನು ಅಂತ ಕೇಳು ಹೋಗಮ್ಮ' ಅಂದೆ. ಜನ ಎಲ್ಲಾ ನೋಡ್ತಿದ್ರು. ಅವನು ಮಗುವಿನ ಕಿವಿ ಮುಚ್ಚಿ ಕರ್ಕೊಂಡು ಹೋದ."

ಹೊರಗೆ ಬಯಲಿನಲ್ಲಿ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ಯರ್ರಿಸ್ವಾಮಿ ಏನೋ ಹೇಳಲು ಬಾಯಿ ತೆರೆದ. ಅದು ನನ್ನ ತಪ್ಪು, ನಿಮ್ಮದಲ್ಲ ಎಂಬಂಥ ಮಾತು.

"ಸುಮ್ನಿರ್ರಿ" ಎಂದಳು ನಜೀರಾ. "ಆ ಕೂಸಿಗೆ ಹಂಗೆ ಅಂದೋಳು ನಾನು. ಹನ್ನೆರಡು ವರ್ಷ ನಾನು ಯಾರಿಗೂ ನಾಚಿಕೆ ಪಡೋ ಕೆಲಸ ಮಾಡಿಲ್ಲ ಅಂತ ಇದ್ದೆ. ಅದೊಂದೇ ನನ್ನ ಹತ್ರ ಇತ್ತು."

ಪಿರಿಯಡ್ಡಿನ ಗಂಟೆ ಹೊಡೆಯಿತು. ಅವಳು ಎದ್ದು, ಸೀಮೆಸುಣ್ಣದ ಡಬ್ಬ ತೆಗೆದುಕೊಂಡು, ಆಮೇಲೆ ಏನೋ ನೆನೆಸಿಕೊಂಡು ಅದನ್ನು ಕೆಳಗಿಟ್ಟಳು. "ಜಯಪ್ಪನ ವಿಳಾಸ ಗೊತ್ತೈತಾ?" ಎಂದಳು. ಗೊತ್ತಿತ್ತು, ಜಯಪ್ಪ ಪ್ರತಿ ವರ್ಷ ಯುಗಾದಿಗೆ ಹಳೇ ಗೆಳೆಯರಿಗೆಲ್ಲ ಕಾರ್ಡು ಹಾಕುತ್ತಿದ್ದ. ಅವಳು ನೋಟ್‌ಬುಕ್ಕಿನ ಹಾಳೆಯೊಂದನ್ನು ಹರಿದು ಮುಂದೆ ಸರಿಸಿದಳು. ಅವನು ಬಗ್ಗಿ ಜಯಪ್ಪನ ಹೆಸರು, ಬೀದಿ, ಊರು ಬರೆದ. ಕೈ ನಿಲ್ಲದೆ ಅದರ ಕೆಳಗೇ ತನ್ನ ಹೆಸರನ್ನೂ ನ್ಯಾಮತಿಯ ವಿಳಾಸವನ್ನೂ ಬರೆದ.

ಅವಳು ಹಾಳೆಯನ್ನು ಓದಿ, ಎರಡು ವಿಳಾಸಗಳ ನಡುವೆ ಮಡಿಸಿ, ಮಡಿಕೆಯ ಮೇಲೆ ಉಗುರೆಳೆದು, ಸೀಳಿದಳು. ಮೇಲಿನ ಅರ್ಧವನ್ನು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡಳು. ಕೆಳಗಿನದನ್ನು ಅವನ ಕೈಗೇ ವಾಪಸು ಕೊಟ್ಟು, ಕ್ಲಾಸಿಗೆ ಹೋದಳು.